ಮುದ್ದೆ ಚಿಕ್ಕದಾಗಲಿ, ಪಲ್ಯ ದೊಡ್ಡದಾಗಲಿ: ಹಾರ್ಮೋನ್ ಏರುಪೇರಿಗೆ ಊಟ ಹೊಂದಿಸುವುದು ಹೇಗೆ?

ಮುಟ್ಟು ಎರಡು ತಿಂಗಳಿಗೊಮ್ಮೆ ಆಗತೊಡಗಿ, ಸ್ಕ್ಯಾನಿಂಗ್ ವರದಿಯಲ್ಲಿ ಪಿಸಿಓಡಿ (ಪಿಸಿಓಎಸ್ ಅಂತಲೂ ಕರೆಯುವ, ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ) ಅಂತ ಬಂದರೆ ಮೈಸೂರು–ಮಂಡ್ಯದ ಕಡೆ ಮನೆಗಳಲ್ಲಿ ಮುಂದೆ ನಡೆಯುವುದು ಹೆಚ್ಚುಕಮ್ಮಿ ಒಂದೇ. ಸೋಮವಾರದಿಂದ ಅನ್ನ ಬಂದ್. ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಮಾಲ್ಟು, ಮಧ್ಯಾಹ್ನ ದೊಡ್ಡ ಮುದ್ದೆ, ರಾತ್ರಿ ರಾಗಿ ರೊಟ್ಟಿ. ನಡುವೆ ಮೊಬೈಲಿನಲ್ಲಿ ನೋಡಿ ತರಿಸಿದ ಯಾವುದೋ ಬೀಜದ ಪುಡಿ. ಎರಡು ತಿಂಗಳು ಕಳೆದರೂ ತೂಕ ಇಳಿಯುವುದಿಲ್ಲ, ಮುಟ್ಟು ಸರಿಹೋಗುವುದಿಲ್ಲ. ಆಮೇಲೆ ‘ಊಟದಿಂದ ಏನೂ ಆಗಲ್ಲ’ ಎಂದು ಕೈಬಿಡುತ್ತಾರೆ.

ತಪ್ಪು ರಾಗಿಯದಲ್ಲ, ಅಳತೆಯದು. ಪಿಸಿಓಎಸ್ ಇರುವ ಬಹುಪಾಲು ಹೆಂಗಸರಲ್ಲಿ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಮಾತನ್ನು ದೇಹ ಸರಿಯಾಗಿ ಕೇಳುವುದಿಲ್ಲ. ಅದಕ್ಕೇ ದೇಹ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಹೀಗೆ ಹೆಚ್ಚಾದ ಇನ್ಸುಲಿನ್ ಅಂಡಾಶಯದಿಂದ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನನ್ನು ಹೆಚ್ಚು ಹೊರಡಿಸುತ್ತದೆ. ಟೆಸ್ಟೋಸ್ಟಿರೋನನ್ನು ಕಟ್ಟಿಹಾಕುವ ಪ್ರೋಟೀನೊಂದನ್ನು ಯಕೃತ್ತು ತಯಾರಿಸುತ್ತದಲ್ಲ, ಆ ಪ್ರೋಟೀನನ್ನೂ ಕಡಿಮೆ ಮಾಡಿಸುತ್ತದೆ. ಗಲ್ಲದ ಕೂದಲು, ಮೊಡವೆ, ತಪ್ಪಿದ ಮುಟ್ಟು ಇವೆಲ್ಲ ಇದರ ಬಾಲ. ರಾಗಿಯಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟ. ಮೂರು ಹೊತ್ತೂ ಅದನ್ನೇ ಉಂಡರೆ ಅಕ್ಕಿಯ ಜಾಗಕ್ಕೆ ರಾಗಿ ಬಂತು ಅಷ್ಟೆ, ತಟ್ಟೆ ಬದಲಾಗಲಿಲ್ಲ.

ಹಂತ 1: ಊಟ ಬದಲಿಸುವ ಮೊದಲು ರಕ್ತ ಕೊಡಿ

ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ). ಇವಿಲ್ಲದೆ ಶುರುಮಾಡಿದರೆ ಏನು ಸರಿಹೋಯಿತು, ಏನು ಹೋಗಲಿಲ್ಲ ಎಂಬುದು ಕೊನೆಗೂ ತಿಳಿಯುವುದಿಲ್ಲ. ಮುಟ್ಟು ತಪ್ಪುವುದಕ್ಕೆ ಥೈರಾಯ್ಡ್ ಕಾರಣವಾಗಿದ್ದು, ಪಿಸಿಓಡಿ ಎಂದುಕೊಂಡು ಪಥ್ಯ ಮಾಡುವವರಿದ್ದಾರೆ. ಕೂದಲು ಉದುರುವುದಕ್ಕೆ ಬಯೋಟಿನ್ ಎಂಬ ವಿಟಮಿನ್ನಿನ ಗಮ್ಮಿ (ಅಗಿಯುವ ಮಾತ್ರೆ) ತಿನ್ನುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ. ಅದು ಥೈರಾಯ್ಡ್ ವರದಿಯನ್ನೇ ಕೆಡಿಸಬಹುದು. ಕ್ಯಾಲೆಂಡರಿನಲ್ಲಿ ಮುಟ್ಟಿನ ಮೊದಲ ದಿನಕ್ಕೆ ಸುತ್ತು ಹಾಕುತ್ತಾ ಬನ್ನಿ. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ, ವರ್ಷಕ್ಕೆ 8ಕ್ಕಿಂತ ಕಡಿಮೆ ಸಲ ಆದರೆ, ಇಲ್ಲವೇ ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಅಡುಗೆಮನೆ ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ಹಂತ 2: ಕಾಫಿ, ಮಾತ್ರೆಗಳ ಹೊತ್ತು

ದುಡ್ಡು ಖರ್ಚಿಲ್ಲದ ಹಂತ ಇದು, ಹೆಚ್ಚು ಜನ ಎಡವುವುದೂ ಇಲ್ಲೇ. ಥೈರಾಯ್ಡ್ ಮಾತ್ರೆಯನ್ನು ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಫಿಲ್ಟರ್ ಕಾಫಿ, ಹಾಲು, ರಾಗಿ ಮಾಲ್ಟು ಏನೇ ಆದರೂ ಒಂದು ಗಂಟೆಯ ನಂತರ. ಕಾಫಿ ಆ ಮಾತ್ರೆಯನ್ನು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆ ದೂರ ಇಡಿ. ಎಷ್ಟೋ ಮನೆಗಳಲ್ಲಿ ಮೂರನ್ನೂ ಒಂದೇ ಅಂಗೈಯಲ್ಲಿ ಹಾಕಿಕೊಂಡು ಕಾಫಿಯಲ್ಲೇ ನುಂಗುತ್ತಾರೆ. ಆಮೇಲೆ ‘ಡೋಸ್ ಏರುತ್ತಲೇ ಇದೆ’ ಎಂಬ ದೂರು.

ಊಟದ ಮೇಲಿನ ಕಾಫಿ, ಟೀ ಕೂಡ ಒಂದು ಗಂಟೆ ತಡವಾಗಲಿ. ಸೊಪ್ಪು–ಕಾಳಿನ ಕಬ್ಬಿಣವನ್ನು ಅವು ತಡೆಯುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಾಗಿ ತಿಂದರೆ ರಕ್ತ ಬರುತ್ತದೆಂಬ ನಂಬಿಕೆಯನ್ನು ಇಲ್ಲೇ ಬಿಡುವುದು ಒಳ್ಳೆಯದು. ರಾಗಿಯ ಹಿರಿಮೆ ಕ್ಯಾಲ್ಸಿಯಂ: 100 ಗ್ರಾಂ ಹಿಟ್ಟಿನಲ್ಲಿ 350 ಮಿಲಿಗ್ರಾಂ ಆಸುಪಾಸು. ಕಬ್ಬಿಣ ಅದರಲ್ಲಿ ಅಂಥದ್ದೇನೂ ಇಲ್ಲ.

ಹಂತ 3: ಮಧ್ಯಾಹ್ನದ ತಟ್ಟೆ

ಇಲ್ಲಿ ಅವಸರ ಬೇಡ. ‘ಹಿಟ್ಟು ಕಡಿಮೆ ಮಾಡಿ’ ಎಂದು ಯಾರೋ ಹೇಳಿದರು ಅಂತ ಅರ್ಧ ಮುದ್ದೆ ಉಂಡು ಎದ್ದರೆ ಸಂಜೆ ಐದಕ್ಕೆ ಹೊಟ್ಟೆ ಚುರುಗುಟ್ಟುತ್ತದೆ. ಬೇಕರಿಯ ಬೆಣ್ಣೆ ಬಿಸ್ಕತ್ತು, ಬಜ್ಜಿ, ಮದ್ದೂರು ವಡೆ ಯಾವುದು ಕೈಗೆ ಸಿಕ್ಕಿದರೂ ಅದೇ. ಮುದ್ದೆ ಕಡಿಮೆಯಾದ ಜಾಗಕ್ಕೆ ಕಾಳು ಬರದೇ ಹೋದರೆ ಈ ಇಡೀ ಯೋಜನೆ ಮಣ್ಣುಪಾಲು.

ಒಳ್ಳೆಯದೆಂದರೆ ಅದಕ್ಕೆ ಬೇಕಾದ ಅಡುಗೆ ನಮ್ಮಲ್ಲೇ ಇದೆ: ಬಸ್ಸಾರು. ವಿದೇಶದ ಕಿನ್ವಾ ಧಾನ್ಯ ತರುವುದು ಬೇಡ.

ನಾಲ್ಕು ಜನಕ್ಕೆ ಒಣ ಹುರುಳಿಕಾಳು, ಅಲಸಂದೆ ಅಥವಾ ಹೆಸರುಕಾಳು 200 ಗ್ರಾಂ, ಅಂದಾಜು ಒಂದು ಪಾವು. ದಂಟು, ಕೀರೆ, ನುಗ್ಗೆ ಯಾವ ಸೊಪ್ಪಾದರೂ ಸೋಸಿದ ಮೇಲೆ ಅರ್ಧ ಕೆ.ಜಿ. ಇರಲಿ. ಕಂತೆ ಲೆಕ್ಕ ನಂಬಬೇಡಿ, ದೇವರಾಜ ಮಾರುಕಟ್ಟೆಯ ಕಂತೆಗೂ ಮನೆ ಬಾಗಿಲಿಗೆ ಬರುವ ಕಂತೆಗೂ ಅಜಗಜಾಂತರ. ರಾಗಿ ಹಿಟ್ಟು ತಲೆಗೆ 60 ಗ್ರಾಂ, ನೀರು ಅದರ ಎರಡರಷ್ಟು. ಇದರಲ್ಲಿ ಸಾಧಾರಣ ಕಿತ್ತಳೆ ಹಣ್ಣಿನ ಗಾತ್ರದ ಮುದ್ದೆ ಬರುತ್ತದೆ. ತಿರುವುವುದನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮೊದಲ ವಾರ ಮಾತ್ರ ಹಿಟ್ಟನ್ನು ತೂಕ ಮಾಡಿಯೇ ಹಾಕಿ, ಕಣ್ಣಳತೆ ಯಾವಾಗಲೂ ಹೆಚ್ಚಿನ ಕಡೆಗೇ ವಾಲುತ್ತದೆ.

ಕಾಳನ್ನು ಎಂಟು–ಹತ್ತು ಗಂಟೆ ನೆನೆಸಿ ಆ ನೀರು ಚೆಲ್ಲಿ. ಹೊಟ್ಟೆ ಉಬ್ಬರಿಸುವ ಸಕ್ಕರೆಗಳು ಒಂದಿಷ್ಟು ಅದರಲ್ಲೇ ಹೋಗುತ್ತವೆ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಹೆಸರುಕಾಳಿಗೆ ಅರ್ಧ ದಿನ ಸಾಕು, ಹುರುಳಿಗೆ ಪೂರ್ತಿ ಒಂದು ದಿನ ಬೇಕಾಗಬಹುದು. ಮೊಳಕೆ ಗೋಧಿ ಕಾಳಿನಷ್ಟು ಉದ್ದವಾದರೆ ಸರಿ. ಲೋಳೆಯಾಗಿ ಹುಳಿ ವಾಸನೆ ಬಂದಿದ್ದರೆ ತೊಳೆದು ಬಳಸುವ ಉಳಿತಾಯ ಬೇಡ, ತಿಪ್ಪೆಗೆ ಹಾಕಿ. ಕಾಳು ಮೆತ್ತಗೆ ಬೆಂದ ಮೇಲೆ ಸೊಪ್ಪು ಹಾಕಿ ಐದಾರು ನಿಮಿಷ, ಅಷ್ಟೇ. ಸೊಪ್ಪನ್ನು ಮೊದಲೇ ಕುಕ್ಕರಿಗೆ ತುಂಬಿದರೆ ಕಲಸಿದ ಹಸಿರು ಗಂಜಿಯಾಗುತ್ತದೆ, ಪಲ್ಯಕ್ಕೆ ಉದುರುದುರಾಗಿ ಬರುವುದಿಲ್ಲ. ಬಸಿದ ಕಟ್ಟು ಸಾರಿಗೆ, ಕಾಳು–ಸೊಪ್ಪು ಪಲ್ಯಕ್ಕೆ. ಖಾರಕ್ಕೆ ಒಂದು ಸೌಟು ಕಾಳು ಸೇರಿಸಿ ರುಬ್ಬಿದರೆ ಸಾರು ಮಂದವಾಗುತ್ತದೆ, ತೆಂಗಿನಕಾಯಿ ಅರ್ಧಕ್ಕೆ ಇಳಿಯುತ್ತದೆ. ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಕಬ್ಬಿಣ ಮೈಗೆ ಹತ್ತಲು ಅದು ಬೇಕು, ಒಲೆಯ ಮೇಲೆ ಹಿಂಡಿದರೆ ಸಿ ವಿಟಮಿನ್ ನಾಶವಾಗುತ್ತದೆ.

ಇನ್ನು ಬಡಿಸುವುದು. ಮನೆಯಲ್ಲಿ ಎಲ್ಲರೂ ಉಂಡು ಎದ್ದ ಮೇಲೆ ಕೂರುವ ಹೆಂಗಸಿಗೆ ಉಳಿಯುವುದು ಒಂದೂವರೆ ಮುದ್ದೆ, ಬೇಕಾದಷ್ಟು ತೆಳು ಸಾರು, ಪಾತ್ರೆಯ ತಳಕ್ಕೆ ಅಂಟಿದ ಎರಡು ಚಮಚ ಪಲ್ಯ. ಕಾಳು ಎಷ್ಟೇ ಬೇಯಿಸಿದ್ದರೂ ಅವಳ ತಟ್ಟೆಗೆ ಬರುವುದು ಪಿಷ್ಟವೇ. ಆದ್ದರಿಂದ ಒಗ್ಗರಣೆ ಹಾಕಿದ ಕೂಡಲೇ, ಯಾರಿಗೂ ಬಡಿಸುವ ಮೊದಲು, ಪಲ್ಯವನ್ನು ನಾಲ್ಕು ಸಮ ಪಾಲು ಮಾಡಿ ನಿಮ್ಮ ಪಾಲನ್ನು ಒಂದು ದೊಡ್ಡ ಬಟ್ಟಲಲ್ಲಿ ಎತ್ತಿಟ್ಟು ಮುಚ್ಚಿಬಿಡಿ. ಈ ಒಂದು ಕೆಲಸ ಮಾಡದಿದ್ದರೆ ಮೇಲಿನ ಅಳತೆಯೆಲ್ಲ ವ್ಯರ್ಥ.

ಊಟಕ್ಕೆ ಕೂತಾಗ ಅರ್ಧ ಪಲ್ಯವನ್ನು ಮೊದಲು ಅಗಿದು ತಿನ್ನಿ, ಆಮೇಲೆ ಮುದ್ದೆ ಮುರಿಯಿರಿ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಹಸಿದ ಹೊಟ್ಟೆಗೆ ಅದೇ ಮೊದಲು ಇಳಿದರೆ ಎರಡು ನಿಮಿಷದಲ್ಲಿ ಮುದ್ದೆ ಖಾಲಿ. ನಾರು, ಪ್ರೋಟೀನು ಮುಂದೆ ಹೋಗಿದ್ದರೆ ಊಟದ ನಂತರ ಸಕ್ಕರೆ ಏರುವುದು ನಿಧಾನವಾಗುತ್ತದೆ.

ಲೆಕ್ಕ ನೋಡಿ. ದಿನಕ್ಕೆ ಬೇಕಾದ ಪ್ರೋಟೀನು ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ, 60 ಕೆ.ಜಿ.ಗೆ 50 ಗ್ರಾಂ. ಈ ಊಟದಲ್ಲಿ ಕಾಳಿನಿಂದ 11, ರಾಗಿಯಿಂದ 4, ಒಂದು ಸಣ್ಣ ಬಟ್ಟಲು ಮೊಸರಿನಿಂದ 3 ಗ್ರಾಂ ಸಿಕ್ಕಿತು. ಮೂರರಲ್ಲಿ ಒಂದು ಹೊತ್ತಿನ ಪಾಲು ಮುಗಿಯಿತು. ಬಾಡೂಟದ ದಿನವೂ ಇದೇ ಮಾತು: ಸಾರಿನಲ್ಲಿ ಪ್ರೋಟೀನಿಲ್ಲ, ತುಂಡಿನಲ್ಲಿದೆ.

ಕಾಳು ಒಗ್ಗದೆ ಹೊಟ್ಟೆ ಉಬ್ಬರಿಸಿದರೆ ಬಿಡಬೇಡಿ, ಹಿಂದೆ ಸರಿಯಿರಿ. ಮೊದಲ ವಾರ ತಲೆಗೆ 25 ಗ್ರಾಂ, ಎರಡನೆಯ ವಾರ 35, ಮೂರನೆಯ ವಾರ 50. ಹಸಿ ಅವರೆಕಾಯಿ ಕಾಲದಲ್ಲಿ ಕಾಳಿನ ತೂಕ ಎರಡೂವರೆಪಟ್ಟು ಮಾಡಿ, ಅದರಲ್ಲಿ ನೀರೇ ಹೆಚ್ಚು.

ಹಂತ 4: ಬೆಳಗಿನ ತಿಂಡಿ

ಇಡ್ಲಿ ನಾಲ್ಕಿದ್ದದ್ದು ಎರಡಾಗಲಿ, ಜೊತೆಗೆ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರುಕಾಳಿನ ಉಸಲಿ. ಚಿತ್ರಾನ್ನ, ಉಪ್ಪಿಟ್ಟಿಗೂ ಇದೇ. ರಾತ್ರಿಗೆ ಮಧ್ಯಾಹ್ನದ ಪಲ್ಯವೇ ನಡೆಯುತ್ತದೆ. ಸಂಜೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ.

ಹಂತ 5: ಬೆಲ್ಲ

ಮಂಡ್ಯದಲ್ಲಿ ಕೂತು ಬೆಲ್ಲದ ವಿರುದ್ಧ ಬರೆಯುವುದು ಕಷ್ಟವೇ. ಆದರೂ ಆಲೆಮನೆಯ ಕಪ್ಪು ಬೆಲ್ಲವಾಗಲಿ, ಅಂಗಡಿಯ ಬಿಳಿ ಸಕ್ಕರೆಯಾಗಲಿ ಇನ್ಸುಲಿನ್‌ಗೆ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ದಿನಕ್ಕೆ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಎಂದರೆ 40–50 ಗ್ರಾಂ ಸಕ್ಕರೆ. ಕಾಫಿ ಎರಡಕ್ಕೆ ಇಳಿಸಿ, ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡಿ. ರಾಗಿ ಮಾಲ್ಟಿಗೆ ಬೆಲ್ಲದ ಬದಲು ಮಜ್ಜಿಗೆ, ಉಪ್ಪು, ಜೀರಿಗೆ. ಅಂಗಡಿಯ ‘ಮಲ್ಟಿ ಮಿಲೆಟ್ ಮಾಲ್ಟ್’ ಡಬ್ಬಿಯ ಹಿಂಬದಿ ಓದಿ, ಪದಾರ್ಥಗಳ ಪಟ್ಟಿಯ ಮೊದಲ ಎರಡು ಹೆಸರುಗಳಲ್ಲಿ ಸಕ್ಕರೆ ಇದ್ದರೆ ಅಲ್ಲೇ ಇಟ್ಟು ಬನ್ನಿ.

ಪುಡಿಗಳ ವಿಷಯವೂ ಹೇಳಿಬಿಡಬೇಕು. ಮುಟ್ಟಿನ ಮೊದಲರ್ಧ ಅಗಸೆ–ಕುಂಬಳ ಬೀಜ, ಎರಡನೆಯರ್ಧ ಎಳ್ಳು–ಸೂರ್ಯಕಾಂತಿ ಎಂಬ ‘ಸೀಡ್ ಸೈಕ್ಲಿಂಗ್’ಗೆ ಗಟ್ಟಿ ಆಧಾರವಿಲ್ಲ. ಅಗಸೆ ಬೀಜ ಒಳ್ಳೆಯದೇ, ತಿಂಗಳಿಡೀ ತಿನ್ನಿ. ಸಣ್ಣ ಉರಿಯಲ್ಲಿ ಹುರಿದು, ವಾರಕ್ಕಾಗುವಷ್ಟು ಮಾತ್ರ ಪುಡಿಮಾಡಿ ಫ್ರಿಜ್ಜಿನಲ್ಲಿಟ್ಟು ದಿನಕ್ಕೆ ಒಂದು ದೊಡ್ಡ ಚಮಚ. ಇಡೀ ಬೀಜ ನುಂಗಿದರೆ ಇಡಿಯಾಗಿಯೇ ಹೊರಬೀಳುತ್ತದೆ. ನಮ್ಮ ಹುಚ್ಚೆಳ್ಳು ಚಟ್ನಿಪುಡಿಗೇ ಸೇರಿಸಿಬಿಡುವುದು ಎಲ್ಲಕ್ಕಿಂತ ಸುಲಭ. ‘ಹಾರ್ಮೋನ್ ಬ್ಯಾಲೆನ್ಸ್ ಟೀ’ ಕೊಳ್ಳುವ ದುಡ್ಡಿಗೆ ತಿಂಗಳಿಗಾಗುವ ಕಾಳು ಬರುತ್ತದೆ. ಗುಲಾಬಿ ಉಪ್ಪಂತೂ ಬೇಡ, ಅದರಲ್ಲಿ ಥೈರಾಯ್ಡಿಗೆ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಕಲ್ಲುಪ್ಪೇ ಬೇಕೆನ್ನುವವರು ಪೊಟ್ಟಣದ ಮೇಲೆ, ಅಯೋಡಿನ್ ಸೇರಿಸಿದೆ ಎಂದು ಹೇಳುವ ನಗುವ ಸೂರ್ಯನ ಗುರುತು ನೋಡಿ ಕೊಳ್ಳಿ.

ಹಂತ 6: ಮೂರು ತಿಂಗಳು

ಅಂಡಾಣು ಪಕ್ವವಾಗಲು ತಿಂಗಳುಗಳೇ ಬೇಕು, ಹದಿನೈದು ದಿನಕ್ಕೆ ಫಲ ಹುಡುಕಬೇಡಿ. ತೂಕ ಹೆಚ್ಚಿರುವವರಿಗೆ ಶೇ 5ರಷ್ಟು ಇಳಿದರೂ, 70 ಕೆ.ಜಿ.ಯವರಿಗೆ ಮೂರೂವರೆ ಕೆ.ಜಿ., ಮುಟ್ಟು ಸುಧಾರಿಸುವ ಸಾಧ್ಯತೆ ಇದೆ. ತೆಳ್ಳಗಿರುವವರಿಗೂ ಪಿಸಿಓಎಸ್ ಇರುತ್ತದೆ. ಅವರು ತೂಕ ಇಳಿಸಲು ಹೋಗದೆ ಕಾಳು, ಹೊತ್ತು ಎರಡನ್ನೇ ಸರಿಪಡಿಸಿಕೊಳ್ಳಬೇಕು. ವೈದ್ಯರು ಕೊಟ್ಟ, ಇನ್ಸುಲಿನ್ ಮಾತನ್ನು ದೇಹ ಕೇಳುವಂತೆ ಮಾಡುವ ಮೆಟ್‌ಫಾರ್ಮಿನ್ ಆಗಲಿ ಹಾರ್ಮೋನ್ ಮಾತ್ರೆಯಾಗಲಿ ‘ಈಗ ಪಥ್ಯ ಮಾಡ್ತಿದ್ದೀನಲ್ಲ’ ಎಂದು ನಿಲ್ಲಿಸುವ ಹಾಗಿಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕಡಿಮೆಯಾಗುವುದುಂಟು. ಮೂರು ತಿಂಗಳ ನಂತರ ಅದೇ ಪ್ರಯೋಗಾಲಯದಲ್ಲಿ ಮತ್ತೆ ರಕ್ತ ಕೊಡುವಾಗ ಪಟ್ಟಿಗೆ ಬಿ12 ಕೂಡ ಸೇರಿಸಿ. ಸುತ್ತು ಹಾಕಿದ ಕ್ಯಾಲೆಂಡರನ್ನೂ ವೈದ್ಯರ ಬಳಿಗೆ ತೆಗೆದುಕೊಂಡು ಹೋಗಿ.