ಗುಜರಿ ಹೆಡ್ಡು ಹಾಕಿ ಎಸ್ಟೀಮ್ ಎಬ್ಬಿಸಿದ್ದು

"ಮೂವತ್ತು ಸಾವಿರದ ಹೆಡ್ ಬಿಚ್ಚಿ ಗುಜರಿ ಹೆಡ್ ಹಾಕ್ತೀಯಾ?" ಅಂತ ನಮ್ಮ ಮೇಸ್ತ್ರಿಯೇ ನಕ್ಕಿದ್ದರು. ಈಗ ಅವರೇ ಬೀಗದ ಕೈ ಕೇಳುತ್ತಾರೆ.

ಕಾರು ಮಾರುತಿ ಎಸ್ಟೀಮ್, ಹದಿನಾರು ವಾಲ್ವಿನ 1298 ಸಿಸಿ ಇಂಜಿನ್. ಹೆಡ್ ಅಂದರೆ ಇಂಜಿನ್ನಿನ ಮೇಲ್ಭಾಗ, ವಾಲ್ವ್‌ಗಳು ಕೂರುವ ಜಾಗ; ಪೋರ್ಟ್ ಅಂದರೆ ಅದರೊಳಗೆ ಗಾಳಿ, ಹೊಗೆ ಓಡಾಡುವ ದಾರಿ. ಮೊದಲು ನಾನೂ ದೊಡ್ಡ ಪೋರ್ಟಿನ ಹುಚ್ಚಿಗೆ ಬಿದ್ದು ಒಬ್ಬರ ಹತ್ತಿರ ಆ ಮೂವತ್ತು ಸಾವಿರದ ಹೆಡ್ ಕೆತ್ತಿಸಿದೆ. ಪೋರ್ಟ್ ಒಳಗೆ ಬೆರಳಾಡಿಸಿದರೆ ಸ್ಟೀಲ್ ಲೋಟದಷ್ಟು ನುಣುಪು. ಆದರೆ ಐದೂವರೆ ಸಾವಿರ ಆರ್‌ಪಿಎಂ ದಾಟಿದರೆ ಮಾತ್ರ ಎಳೆತ, ಮೂರು ಸಾವಿರದ ಕೆಳಗೆ ಜೀವವೇ ಇಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅಷ್ಟು ಆರ್‌ಪಿಎಂ ಯಾರಿಗೆ ಬೇಕು? ಬಿಚ್ಚಿ, ಗಾಜು ಮುಚ್ಚಿ, ಸಿರಿಂಜಲ್ಲಿ ಸೀಮೆಎಣ್ಣೆ ಬಿಟ್ಟು ಅಳೆದೆ. ಮೂರನೇ ಚೇಂಬರ್ (ಪೆಟ್ರೋಲ್ ಉರಿಯುವ ಗುಂಡಿ) ಉಳಿದವಕ್ಕಿಂತ ಒಂದೂವರೆ ಸಿಸಿ ದೊಡ್ಡದಿತ್ತು. ಹೊಟ್ಟೆ ಉರಿಯಿತು.

ಸ್ವಿಫ್ಟ್ ಜಿಟಿಐ ಟ್ವಿನ್ ಕ್ಯಾಮ್ (ವಾಲ್ವ್ ತೆರೆಯಲು ಎರಡು ಶಾಫ್ಟ್ ಇರುವ) ಹೆಡ್ಡಿನ ಆಸೆಯೂ ಇತ್ತು. ಅದೊಂದೇ ತಂದರೆ ಮುಗಿಯಲ್ಲ, ಪಿಸ್ಟನ್, ಮ್ಯಾನಿಫೋಲ್ಡ್, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಎಲ್ಲ ಹಿಂದೆ ಬರುತ್ತವೆ. ಲಕ್ಷ ದಾಟುತ್ತೆ ಅಂತ ಬಿಟ್ಟೆ.

ಆಮೇಲೆ ಗುಜರಿಯಲ್ಲಿ ಇದೇ ಇಂಜಿನ್ನಿನ ಎರಡು ಹೆಡ್ ಸಿಕ್ಕವು. ಒಂದಕ್ಕೆ ವಾಲ್ವ್ ಸೀಟಿನ (ವಾಲ್ವ್ ಕೂತು ಮುಚ್ಚುವ ಬಳೆ) ನಡುವೆ ಕೂದಲೆಳೆಯಂಥ ಬಿರುಕು, ಬೇಡ ಅಂದೆ. ಇನ್ನೊಂದು ಎಂಟು ಸಾವಿರ ಚಿಲ್ಲರೆಗೆ ಬಂತು. ಇದರ ಪೋರ್ಟ್ ದೊಡ್ಡದು ಮಾಡಲಿಲ್ಲ. ಸೀಟ್ ಮೂರು ಕೋನದಲ್ಲಿ ಕಟ್ ಮಾಡಿಸಿ, ಸೀಟಿನ ಕೆಳಗಿನ ಅಂಚು ಮಾತ್ರ ಸವರಿದೆ. ವಾಲ್ವ್ ಗೈಡ್ ಸುತ್ತ ಇನ್ನೊಂದು ಕೆಲಸ ಮಾಡಿದ್ದೇನೆ, ಅದು ನನ್ನಲ್ಲೇ ಇರಲಿ. ಹೆಡ್ಡಿನ ತಳ ಸಮ ಮಾಡುವ ಫೇಸಿಂಗಲ್ಲಿ ಸುಮಾರು ಅರ್ಧ ಮಿಲಿಮೀಟರ್ ತೆಗೆಸಿದೆ. ಕಂಪ್ರೆಷನ್ (ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತೆ ಅನ್ನೋ ಲೆಕ್ಕ) ಒಂಬತ್ತೂವರೆಯಿಂದ ಹತ್ತರ ಹತ್ತಿರ ಬಂತು. ಬೆಂಗಳೂರು 900 ಮೀಟರ್ ಎತ್ತರದಲ್ಲಿರೋದರಿಂದ ಗಾಳಿ ತೆಳು, ಇಲ್ಲಿ ಮಾಮೂಲಿ ಪೆಟ್ರೋಲಲ್ಲೇ ನಾಕಿಂಗ್ (ಇಂಜಿನ್ನಿನ ಟಕಟಕ ಬಡಿತ) ಇಲ್ಲ. ಮಂಗಳೂರಿಗೆ ಇಳಿದಾಗ ಸ್ವಲ್ಪ ಕೇಳಿಸಿತು, ಕಿಡಿಯ ಟೈಮಿಂಗ್ ಒಂದೆರಡು ಡಿಗ್ರಿ ಹಿಂದೆ ಹಾಕಿದೆ. ಹೆಡ್ ತಗ್ಗಿದರೆ ಬೆಲ್ಟಿನಿಂದಾಗಿ ಕ್ಯಾಮ್ ಟೈಮಿಂಗ್ (ವಾಲ್ವ್ ತೆರೆಯುವ ಹೊತ್ತು) ಚೂರು ತಡವಾಗುತ್ತೆ, ಅದನ್ನೂ ಮರೀಬೇಡಿ.

ಒಂದು ತಮಾಷೆ. ವಾಲ್ವಿಗೂ ಪಿಸ್ಟನ್ನಿಗೂ ಎಷ್ಟು ಜಾಗ ಇದೆ ಅಂತ ನೋಡೋಕೆ ರಾತ್ರಿ ಕ್ಲೇ ಸಿಗಲಿಲ್ಲ. ಅಡುಗೆಮನೆಯಿಂದ ಚಪಾತಿ ಹಿಟ್ಟಿನ ಉಂಡೆ ತಂದು ಪಿಸ್ಟನ್ ಮೇಲೆ ಇಟ್ಟೆ. ಅಷ್ಟೂ ವಾಲ್ವಿಗೇ ಅಂಟಿಕೊಂಡು ಬಂತು, ಅಳತೆ ಸಿಗಲಿಲ್ಲ, ಬೈಗುಳ ಸಿಕ್ಕಿತು. ಮಾರನೇ ದಿನ ಮಗಳ ಕ್ಲೇ ಕದ್ದು ಎಣ್ಣೆ ಸವರಿ ನೋಡಿದೆ, ಎರಡು ಮಿಲಿಮೀಟರಿಗಿಂತ ಜಾಸ್ತಿ ಉಳಿದಿತ್ತು.

ಹೆಡ್, ಮೆಷಿನ್ ಕೆಲಸ, ಗ್ಯಾಸ್ಕೆಟ್ ಸೇರಿ 18 ಸಾವಿರದ ಒಳಗೇ ಮುಗಿಯಿತು. ಮೂರನೇ ಗೇರಲ್ಲಿ ಗಂಟೆಗೆ 40ರಿಂದ 80 ಕಿ.ಮೀ.ಗೆ ಕೆತ್ತಿಸಿದ ಹೆಡ್ಡಲ್ಲಿ ಹತ್ತು ಸೆಕೆಂಡ್ ಹತ್ತಿರ ಬೇಕಿತ್ತು, ಈಗ ಎಂಟೂ ಬೇಡ. ಮೊಬೈಲ್ ಸ್ಟಾಪ್‌ವಾಚ್ ಲೆಕ್ಕ, ಡೈನೋ (ಇಂಜಿನ್ ಶಕ್ತಿ ಅಳೆಯುವ ಯಂತ್ರ) ಅಲ್ಲ. ಚಾರ್ಮಾಡಿ ತಿರುವುಗಳಲ್ಲಿ ಮೊದಲು ಎರಡಕ್ಕೆ ಇಳಿಸುತ್ತಿದ್ದ ಎಷ್ಟೋ ಕಡೆ ಈಗ ಮೂರರಲ್ಲೇ ಹತ್ತುತ್ತೆ.

ಕೆತ್ತಿಸಿದ ಹೆಡ್ ಮಂಚದ ಕೆಳಗೆ ಬಿದ್ದಿದೆ. ಟ್ರ್ಯಾಕಲ್ಲಿ ಓಡಿಸೋರು ಯಾರಾದರೂ ಇದ್ದರೆ ಒಯ್ಯಿರಿ, ಮೂರನೇ ಚೇಂಬರ್ ಮಾತ್ರ ನೀವೇ ಸರಿಮಾಡಿಕೊಳ್ಳಬೇಕು.