ಹಾಡಿಗೆ ಹಾಡಿನಲ್ಲೇ ಜವಾಬು: ಜಾತ್ರೆಯ ವೇದಿಕೆ ಏರುವ ಹೆಣ್ಣುಮಕ್ಕಳಿಗೆ

ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಜಾತ್ರೆಯ ರಾತ್ರಿ ಡಿಜೆ ಜಾನಪದ ಹಾಡುಗಳಿಲ್ಲದೆ ಕಳೆಯುವುದಿಲ್ಲ. ಆ ಹಾಡುಗಳಲ್ಲಿ ಹೆಣ್ಣಿನ ಹೆಸರು, ಸೀರೆ, ಕಣ್ಣು, ನಡಿಗೆ ಎಲ್ಲವೂ ಬರುತ್ತವೆ. ಆದರೆ ಮೈಕು ಬಹುತೇಕ ಗಂಡಸರ ಕೈಯಲ್ಲೇ ಇರುತ್ತದೆ, ಹೆಣ್ಣುಮಗಳಿಗೆ ಪಲ್ಲವಿಯ ಎರಡು ಸಾಲು ದೊರೆತರೆ ಅದೇ ಹೆಚ್ಚು. ಮುಂದಾಳಾಗಿ ನಿಂತು ಇಡೀ ಹಾಡನ್ನು ತಾನೇ ಕಟ್ಟಿ ಹಾಡಬೇಕೆನ್ನುವ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹದಿನೈದು ವರ್ಷ ಮುಧೋಳ, ಜಮಖಂಡಿ, ರಾಯಬಾಗ ಕಡೆಯ ವೇದಿಕೆಗಳಲ್ಲಿ ಹಾಡಿದ್ದೇನೆ. ಈಗ ಮನೆಗೆ ಬರುವ ಹುಡುಗಿಯರಿಗೆ ಹೇಳಿಕೊಡುತ್ತೇನೆ. ಅವರಿಗೆ ಎರಡು ಪರಂಪರೆಗಳನ್ನು ಒಟ್ಟಿಗೆ ಕೇಳಿಸುತ್ತೇನೆ: ಸವಾಲಿಗೆ ಜವಾಬು ಹಾಡುವ ನಮ್ಮ ಹರದೇಶಿ-ನಾಗೇಶಿ ಗೀಗೀ ಮೇಳ ಒಂದು, ಜಮೈಕಾದ ಡ್ಯಾನ್ಸ್‌ಹಾಲ್ ಇನ್ನೊಂದು.

ಡ್ಯಾನ್ಸ್‌ಹಾಲ್ 1970ರ ದಶಕದ ಕೊನೆಗೆ ಕಿಂಗ್‌ಸ್ಟನ್ ನಗರದ ಬಡ ಓಣಿಗಳಲ್ಲಿ ರೂಪುಗೊಂಡ ಸಂಗೀತ. ಲಾರಿಯಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಡಬ್ಬಿಗಳನ್ನು ತಂದು ಬಯಲಲ್ಲಿ ನಿಲ್ಲಿಸಿ, ಊರಿಗೆ ಊರೇ ಕುಣಿಯುವ ಪದ್ಧತಿ ಅವರದು. ನಮ್ಮವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಒಂದು ವ್ಯತ್ಯಾಸ ಮಾತ್ರ ತಿಳಿದಿರಬೇಕು. ನಾವು ಸ್ಪೀಕರ್ ಡಬ್ಬಿಗಳಿಗೇ ಡಿಜೆ ಎನ್ನುತ್ತೇವೆ. ಅಲ್ಲಿ ಡಿಜೆ ಎಂದರೆ ಲಯದ ಮೇಲೆ ಮಾತನ್ನು ಹೊಸೆದು ಹಾಡುವ ವ್ಯಕ್ತಿ, ಗ್ರಾಮೊಫೋನ್ ತಟ್ಟೆಗಳನ್ನು ನುಡಿಸುವವನಿಗೆ ಸೆಲೆಕ್ಟರ್ ಎಂಬ ಬೇರೆ ಹೆಸರಿದೆ. ವಾದ್ಯಗಳ ಲಯದ ಪಟ್ಟಿಗೆ ‘ರಿಡಿಮ್’ ಎನ್ನುತ್ತಾರೆ. ಒಂದೇ ರಿಡಿಮ್ ಮೇಲೆ ಹತ್ತಾರು ಹಾಡುಗಾರರು ತಮ್ಮ ತಮ್ಮ ಮಾತು ಕಟ್ಟಿ ಹಾಡುವುದು ಅಲ್ಲಿಯ ರೂಢಿ. 1973ರಲ್ಲಿ ನಿರ್ಮಾಪಕ ವಿನ್‌ಸ್ಟನ್ ರೈಲಿ ಮಾಡಿಸಿದ ‘ಸ್ಟಾಲಾಗ್’ ರಿಡಿಮ್ ಮೇಲೆಯೇ, ಒಂಬತ್ತು ವರ್ಷಗಳ ನಂತರ, ಸಿಸ್ಟರ್ ನ್ಯಾನ್ಸಿ ಎಂಬ ತರುಣಿ ತನ್ನ ಅತ್ಯಂತ ಪ್ರಸಿದ್ಧ ಹಾಡನ್ನು ಹಾಡಿದಳು. ಗಂಡಸರ ಬಾಯಲ್ಲಿ ಸವೆದ ಲಯದ ಮೇಲೆ ಹೆಣ್ಣಿನ ಮಾತು ನಿಂತಾಗ ಕೇಳುಗರಿಗೆ ಲಯ ಹೊಸದಲ್ಲ, ಮಾತು ಹೊಸದು. ಆದ್ದರಿಂದ ಕಿವಿ ತಾನಾಗಿ ಮಾತಿನ ಕಡೆಗೆ ಹೋಗುತ್ತದೆ. ನಾನು ಹೇಳಿಕೊಡುವುದೆಲ್ಲ ಈ ಒಂದು ಸಂಗತಿಯ ಮೇಲೆಯೇ ನಿಂತಿದೆ.

ಹಾಗಾಗಿ ಮೊದಲು ಲಯವನ್ನು ಮೈಗೂಡಿಸಿಕೊಳ್ಳಿರಿ. ಡ್ಯಾನ್ಸ್‌ಹಾಲ್‌ನಲ್ಲಿ ಪದೇ ಪದೇ ಕೇಳಿಬರುವ ಪೆಟ್ಟು ಎಂಟು ಮಾತ್ರೆಗಳನ್ನು ಮೂರು, ಮೂರು, ಎರಡು ಎಂದು ಒಡೆಯುತ್ತದೆ: ‘ತಕಿಟ ತಕಿಟ ತಕ’. ಇದನ್ನು ಕಲಿಯಲು ಯಂತ್ರ ಬೇಡ. ಜೋಳದ ಹಿಟ್ಟನ್ನು ನಾದಿ, ಕೊಣಮಿಗೆಯ (ಹಿಟ್ಟು ನಾದುವ ಮರಿಗೆಯ) ಅಂಚಿಗೆ ಕೂತು ರೊಟ್ಟಿ ಬಡಿಯುವಾಗ ಬಲಗೈ ಬಡಿಯುತ್ತದೆ, ಎಡಗೈ ರೊಟ್ಟಿಯನ್ನು ತಿರುಗಿಸುತ್ತದೆ; ಪ್ರತಿ ‘ತ’ಕಾರಕ್ಕೆ ಒಂದು ಗಟ್ಟಿ ಪೆಟ್ಟು, ಉಳಿದ ಮಾತ್ರೆಗಳಿಗೆ ಹಗುರ ಪೆಟ್ಟು ಎಂದು ಇಟ್ಟುಕೊಂಡು ಒಂದು ಬುಟ್ಟಿ ರೊಟ್ಟಿ ಮುಗಿಯುವವರೆಗೆ ಬಿಡದೆ ಬಡಿದರೆ, ವಾರದೊಳಗೆ ಲಯ ಕೈಯಿಂದ ಮೈಗೆ ಇಳಿಯುತ್ತದೆ. ಆಮೇಲೆ ಬಾಯಿಗೆ ಬನ್ನಿರಿ. ಹಾಡಬೇಡಿರಿ, ಮಾತಾಡಿರಿ: ಸಂತೆಯ ಪಟ್ಟಿ, ಬಸ್ಸು ನಿಲ್ಲುವ ಊರುಗಳ ಹೆಸರು, ಯಾವುದಾದರೂ ಸರಿ, ಲಯ ತಪ್ಪದಂತೆ ಹೇಳುತ್ತಾ ಹೋಗಿರಿ. ಡ್ಯಾನ್ಸ್‌ಹಾಲ್ ಹಾಡುಗಾರಿಕೆ ಅರ್ಧ ಮಾತು, ಅರ್ಧ ರಾಗ. ಡಪ್ಪು ಮತ್ತು ತುಂತುಣಿಯ ಜೊತೆ ನಮ್ಮ ಗೀಗೀ ಹಾಡುಗಾರ್ತಿ ಕಥೆ ಬಿಡಿಸುವ ರೀತಿಯೂ ಅದಕ್ಕೆ ಬಹಳ ಹತ್ತಿರದ್ದು.

ಎರಡನೆಯ ಕೆಲಸ ಜವಾಬು ಕಟ್ಟುವುದು. ಇದರ ಮೇಲೆ ಹೆಚ್ಚು ದಿನ ಹಾಕಬೇಕು. ಹರದೇಶಿ ಮೇಳದವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿ ಮೇಳದವರು ಹೆಣ್ಣು ಹೆಚ್ಚೆಂದು ಹಾಡುತ್ತಾರೆ, ಹೀಗೆ ಸವಾಲು-ಜವಾಬು ಬೆಳಗಿನವರೆಗೂ ನಡೆಯುತ್ತದೆ. ಅಂದರೆ ಹೆಣ್ಣು ವೇದಿಕೆಯ ಮೇಲೆ ನಿಂತು ಗಂಡಸಿಗೆ ಎದುರುತ್ತರ ಕೊಡುವುದು ನಮ್ಮ ನೆಲಕ್ಕೆ ಹೊಸದಲ್ಲ, ಡಿಜೆ ಹಾಡುಗಳ ಕಾಲದಲ್ಲಿ ನಾವು ಕೈಬಿಟ್ಟದ್ದು. ನಿಮ್ಮ ಊರಿನ ಸುತ್ತ ನಾಗೇಶಿ ಮೇಳದ ಹಿರಿಯ ಹಾಡುಗಾರ್ತಿ ಇದ್ದರೆ ಒಂದು ತಿಂಗಳು ಅವರ ಹಿಂದೆ ಹಿಮ್ಮೇಳದಲ್ಲಿ ನಿಲ್ಲಿರಿ. ಅವರು ಎದುರಾಳಿಯ ಮಾತನ್ನು ತಳ್ಳಿಹಾಕುವುದಿಲ್ಲ, ಅದರೊಳಗಿನ ಒಂದು ಪದವನ್ನೇ ಎತ್ತಿಕೊಂಡು ತಿರುಗಿಸುತ್ತಾರೆ. ನನ್ನ ಹುಡುಗಿಯೊಬ್ಬಳಿಗೆ ಅಭ್ಯಾಸಕ್ಕೆಂದು ನಾನು ಹೀಗೊಂದು ಸವಾಲು ಕೊಟ್ಟಿದ್ದೆ:

‘ಮೈಕ ಹಿಡದ ಕೈ ನಿಂದು, ರೊಟ್ಟಿ ಬಡಿಯೂದ ಮರತೈತಿ.’

ಅವಳು ಮೊದಲು ಸಿಟ್ಟಿನಿಂದ ನಾಲ್ಕು ಸಾಲು ಬರೆದು ತಂದಳು. ಎಲ್ಲವೂ ಬೈಗುಳವೇ, ಒಂದೂ ನಿಲ್ಲಲಿಲ್ಲ. ಮೂರನೆಯ ದಿನ ತಂದದ್ದು ಇದು:

‘ರೊಟ್ಟಿ ಬಡದ ಕೈ ನಂದು, ಅದಕ್ಕ ತಾಳ ತಿಳದೈತಿ.’

ಪ್ರಾಸ ಅದೇ, ಕೈಯೂ ಅದೇ, ರೊಟ್ಟಿಯೂ ಅದೇ. ಹಂಗಿಸಲು ತಂದ ವಸ್ತು ಹೆಮ್ಮೆಯಾಯಿತು. ನೋಟ್‌ಬುಕ್ಕಿನ ಎಡಪುಟದಲ್ಲಿ ಗಂಡಸರ ಹಾಡಿನಲ್ಲಿ ನಿಮಗೆ ಚುಚ್ಚಿದ ಸಾಲನ್ನು, ಬಲಪುಟದಲ್ಲಿ ಜವಾಬನ್ನು ಬರೆಯಿರಿ. ನೂರು ಜೋಡಿಯಾದಾಗ ಅದರಲ್ಲಿ ಹತ್ತು ವೇದಿಕೆಗೆ ಬರುವಂಥವು ಸಿಗುತ್ತವೆ. ಬರೆಯುವುದು ಮನೆಯ ಮಾತಿನಲ್ಲೇ ಇರಲಿ. ಜಮೈಕಾದ ಹಾಡುಗಾರ್ತಿಯರು ಶಾಲೆಯ ಇಂಗ್ಲಿಷನ್ನು ಬಿಟ್ಟು ಓಣಿಯ ಆಡುಮಾತಾದ ಪಾಟ್ವಾದಲ್ಲಿ ಹಾಡಿಯೇ ಜಗತ್ತಿಗೆ ಕೇಳಿಸಿದರು. ನಿಮ್ಮ ‘ಐತಿ’, ‘ಅದ’, ‘ಹೌದಲ್ಲೋ’ ಯಾವುದನ್ನೂ ತಿದ್ದಬೇಡಿರಿ.

ದಿಟ್ಟತನದ ಪ್ರಶ್ನೆ ಇಲ್ಲಿ ಬರುತ್ತದೆ. ಲೇಡಿ ಸಾ ಎಂಬ ಹೆಸರಿನಿಂದ ಹಾಡಿದ ಮರಿಯನ್ ಹಾಲ್ ಜಮೈಕಾದ ಸೇಂಟ್ ಮೇರಿ ಪ್ರಾಂತದ ಹಳ್ಳಿಯಿಂದ ಬಂದು, ಹರೆಯದಲ್ಲೇ ಸ್ಥಳೀಯ ಸೌಂಡ್ ಸಿಸ್ಟಮ್‌ಗಳ ಮೈಕು ಹಿಡಿದಾಕೆ. ಗಂಡಸರು ಸಲೀಸಾಗಿ ಹಾಡುತ್ತಿದ್ದ ಶೃಂಗಾರದ ಮಾತುಗಳನ್ನೇ ಆಕೆ ಹೆಣ್ಣಿನ ಬಾಯಿಂದ ಹಾಡಿದಾಗ ಅಶ್ಲೀಲವೆಂಬ ಕೂಗೆದ್ದಿತು. ಆ ಕೂಗಿಗೂ ಆಕೆ ಹಾಡಿನಲ್ಲೇ ಉತ್ತರ ಕೊಟ್ಟಳು. ಜನ ಆಕೆಯನ್ನು ಡ್ಯಾನ್ಸ್‌ಹಾಲ್‌ನ ರಾಣಿ ಎಂದು ಕರೆದರು, 2004ರಲ್ಲಿ ಅಮೆರಿಕದ ನೋ ಡೌಟ್ ತಂಡದ ಜೊತೆ ಹಾಡಿದ ಹಾಡಿಗೆ ಗ್ರ್ಯಾಮಿ ಬಂದಿತು, ಮತ್ತು 2015ರಲ್ಲಿ ಆಕೆ ತಾನಾಗಿಯೇ ಆ ವೇದಿಕೆಯನ್ನು ಬಿಟ್ಟು ಭಕ್ತಿಗೀತೆಗಳ ಕಡೆಗೆ ತಿರುಗಿದಳು. ಏರಿದ್ದೂ ತನ್ನ ನಿರ್ಧಾರ, ಇಳಿದದ್ದೂ ತನ್ನ ನಿರ್ಧಾರ. ನೀವು ಎಷ್ಟು ದೂರ ಹೋಗುತ್ತೀರಿ ಎಂಬ ಗೆರೆಯನ್ನು ಹಾಗೆಯೇ ನೀವೇ, ವೇದಿಕೆ ಏರುವ ಮೊದಲೇ ಎಳೆದುಕೊಂಡಿರಬೇಕು; ರಾತ್ರಿ ಒಂಬತ್ತಕ್ಕೆ ಮುಂದಿನ ಸಾಲಿನಿಂದ ಬರುವ ಕೂಗು ಅದನ್ನು ಎಳೆಯಬಾರದು. ನಮ್ಮಲ್ಲಿ ಶ್ರೀಕೃಷ್ಣ ಪಾರಿಜಾತ ಬಯಲಾಟದ ಕಲಾವಿದೆ ಕೌಜಲಗಿ ನಿಂಗಮ್ಮನವರ ಹೆಸರನ್ನು ಜನ ಇಂದಿಗೂ ಗೌರವದಿಂದ ಹೇಳುತ್ತಾರೆ. ‘ನಮ್ಮ ಮಗಳು ವೇದಿಕೆ ಏರುವುದೇ?’ ಎಂದು ಮನೆಯಲ್ಲಿ ಅವ್ವ, ಅಪ್ಪ ಅಂಜಿದರೆ ಆ ಹೆಸರನ್ನು ನೆನಪಿಸಿರಿ.

ಶ್ರುತಿಯ ವಿಷಯದಲ್ಲಿ ಹುಡುಗಿಯರು ಮಾಡುವ ತಪ್ಪು ಒಂದೇ. ಗಂಡಸರಿಗಾಗಿ ಕಪ್ಪು ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಸುತ್ತಮುತ್ತ ಮಾಡಿದ ಟ್ರ್ಯಾಕಿನ ಮೇಲೆಯೇ ಹಾಡಿ, ಕೆಳಗಿನ ಸ್ವರಗಳು ಕೇಳಿಸದೆ, ಮೇಲಿನವುಗಳಿಗೆ ಕಿರುಚುತ್ತಾರೆ. ಹಾರ್ಮೋನಿಯಂ ಮುಂದೆ ಕೂತು ನಿಮ್ಮ ಶ್ರುತಿ ಕಪ್ಪು ನಾಲ್ಕೋ ಐದೋ ಕಂಡುಕೊಂಡು, ಟ್ರ್ಯಾಕನ್ನು ಆ ಶ್ರುತಿಗೆ ಮಾಡಿಸಿಕೊಳ್ಳಿರಿ. ಮೈಕನ್ನು ತುಟಿಯಿಂದ ಎರಡು-ಮೂರು ಬೆರಳಷ್ಟು ದೂರ ಹಿಡಿಯಿರಿ, ಅದರ ಜಾಲರಿಯನ್ನು ಅಂಗೈಯಿಂದ ಮುಚ್ಚಬೇಡಿರಿ.

ಕಾಗದದ ವಿಷಯವನ್ನು ನಾನು ನೋವಿನಿಂದ ಕಲಿತೆ. ಒಬ್ಬ ನಿರ್ಮಾಪಕರ ಮಾತು ನಂಬಿ ಮೂರು ಹಾಡು ಬರೆದು ಹಾಡಿಕೊಟ್ಟೆ. ಹಾಡುಗಳು ಓಣಿ ಓಣಿಯಲ್ಲಿ ಕೇಳಿಬಂದವು, ಅವುಗಳ ಮೇಲೆ ನನ್ನ ಹೆಸರಿರಲಿಲ್ಲ. ಸಿಸ್ಟರ್ ನ್ಯಾನ್ಸಿ ಕೂಡ 1982ರ ಆ ಹಾಡಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಾಯಲ್ಟಿ (ಹಾಡಿನ ಗಳಿಕೆಯ ಪಾಲು) ಕಾಣದೆ, ಅಮೆರಿಕಕ್ಕೆ ಹೋಗಿ ಬ್ಯಾಂಕಿನಲ್ಲಿ ಕೆಲಸ ಮಾಡಿ ಬದುಕಿದಳು. ಜಾಹೀರಾತೊಂದರಲ್ಲಿ ತನ್ನ ಧ್ವನಿ ಕೇಳಿದ ಮೇಲೆಯೇ ವಕೀಲರ ಮೂಲಕ ಹಕ್ಕು ಕೇಳಿ ಅರ್ಧ ಪಾಲು ಪಡೆದಳು. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹಾಡು ಬರೆದವರು ಮತ್ತು ಧಾಟಿ ಕಟ್ಟಿದವರು ಕಂಪನಿಗೆ ಹಕ್ಕು ಕೊಟ್ಟ ಮೇಲೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕು ಅವರಲ್ಲೇ ಉಳಿಯುತ್ತದೆ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷವೆಂದೇ ಲೆಕ್ಕ. ಹಾಡಿದವರಿಗೂ ತಮ್ಮ ಹೆಸರು ಹಾಕಿಸಿಕೊಳ್ಳುವ ಹಕ್ಕಿದೆ. ಆದ್ದರಿಂದ ಸ್ಟುಡಿಯೊದೊಳಗೆ ಕಾಲಿಡುವ ಮೊದಲೇ ಸಾಹಿತ್ಯ ಯಾರದು, ಧಾಟಿ ಯಾರದು, ಟ್ರ್ಯಾಕು ಯಾರದು, ಅವಧಿ ಎಷ್ಟು ಎಂಬ ನಾಲ್ಕು ಸಾಲನ್ನು ಕನ್ನಡದಲ್ಲೇ ಬರೆಸಿ, ಇಬ್ಬರೂ ಸಹಿ ಹಾಕಿ, ಪ್ರತಿಯನ್ನು ಮನೆಯಲ್ಲಿಡಿರಿ.

ಕಾರ್ಯಕ್ರಮ ಒಪ್ಪುವಾಗ ಜಾತ್ರಾ ಕಮಿಟಿಯಿಂದ ಸಂಚಕಾರ, ಅಂದರೆ ಮುಂಗಡ ಹಣ, ಪಡೆದ ಮೇಲೆಯೇ ದಿನಾಂಕ ಕೊಡಿರಿ. ಮರಳಿ ಮನೆ ಮುಟ್ಟಿಸುವ ಗಾಡಿಯ ಮಾತೂ ಅದರಲ್ಲೇ ಸೇರಿರಲಿ. ಆಹೇರಿ (ಮೆಚ್ಚುಗೆಯ ಕಾಣಿಕೆ) ಕೊಡುವವರು ವೇದಿಕೆ ಹತ್ತಿ ಮೈಗೆ ನೋಟು ಚುಚ್ಚಲು ಬಂದರೆ ಹಿಮ್ಮೇಳದ ಹಿರಿಯರು ತಟ್ಟೆ ಹಿಡಿದು ಮುಂದೆ ಬರುವಂತೆ ಮೊದಲೇ ಹೇಳಿಡಿರಿ. ಒಂದು ಸಾಲಿಗೆ ಡ್ಯಾನ್ಸ್‌ಹಾಲ್‌ನಲ್ಲಿ ಜನ ಕೂಗೆಬ್ಬಿಸಿದರೆ ಸೆಲೆಕ್ಟರ್ ಗ್ರಾಮೊಫೋನ್ ತಟ್ಟೆಯನ್ನು ಹಿಂದಕ್ಕೆಳೆದು ಹಾಡನ್ನು ಮೊದಲಿನಿಂದ ಹಾಕುತ್ತಾನೆ. ನಮ್ಮ ಕಂಪನಿ ನಾಟಕಗಳ ಜನ ಅದಕ್ಕೇ ‘ವನ್ಸ್ ಮೋರ್’ ಎನ್ನುತ್ತಾರೆ. ಮನೆಗೆ ಬಂದ ರಾತ್ರಿಯೇ, ಯಾವ ಸಾಲಿಗೆ ವನ್ಸ್ ಮೋರ್ ಬಂದಿತು, ಹೆಣ್ಣುಮಕ್ಕಳು ಕೂತ ಕಡೆಯಿಂದ ಬಂದಿತೋ ಗಂಡಸರ ಕಡೆಯಿಂದ ಬಂದಿತೋ ಎಂಬುದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿರಿ. ಮುಂದಿನ ಹಾಡನ್ನು ಆ ಸಾಲಿನಿಂದ ಆರಂಭಿಸಿರಿ.