ಬಿಳಿ ಚೆಂಡನ್ನು ಅದರ ಪಾಡಿಗೆ ಉರುಳಲು ಬಿಡುವುದು: ಪೂಲ್ ಟೇಬಲ್‌ನಲ್ಲಿ ನನ್ನ ಅನುಭವ

ಪೂಲ್‌ನಲ್ಲಿ ಪಾಟ್ ಮಾಡೋದು, ಅಂದರೆ ಚೆಂಡನ್ನು ಪಾಕೆಟ್‌ಗೆ ಬೀಳಿಸೋದು, ಬೇಗ ಬರುತ್ತದೆ. ಪಾಟ್ ಆದ ಮೇಲೆ, ಕೋಲಿನಿಂದ ಹೊಡೆಯುವ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ ಅನ್ನೋದು ಮಾತ್ರ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಇದಕ್ಕೆ ಹೆಚ್ಚಿನವರು ಸ್ಪಿನ್ ಕಲಿಯಲು ಹೊರಡುತ್ತಾರೆ. ಎಡಕ್ಕೆ, ಬಲಕ್ಕೆ, ಕೆಳಕ್ಕೆ ಹೊಡೆದು ಬಿಳಿಯನ್ನು ಕುಣಿಸಲು ನೋಡುತ್ತಾರೆ. ನಾನು ಉಲ್ಟಾ ದಾರಿ ಹಿಡಿದೆ. ಸ್ಪಿನ್ ಪೂರ್ತಿ ಪಕ್ಕಕ್ಕಿಟ್ಟು, ಬಿಳಿ ಸುಮ್ನೆ ಉರುಳಿಕೊಂಡು ಹೋಗಿ ತಾಗಿದರೆ ಎತ್ತ ಹೋಗುತ್ತದೆ, ಎಷ್ಟು ಹೋಗುತ್ತದೆ ಅಂತ ಮಾತ್ರ ನೋಡುತ್ತಾ ಕೂತೆ. ಮುಂದಿನ ಹೊಡೆತಕ್ಕೆ ಬಿಳಿಯನ್ನು ಸರಿಯಾದ ಜಾಗಕ್ಕೆ ತರುವ ಪೊಸಿಷನ್ ಆಟ ನನಗೆ ಹಿಡಿತಕ್ಕೆ ಬಂದದ್ದು ಅಲ್ಲಿಂದ.

ಮೊದಲು ಉರುಳುವುದು ಅಂದರೇನು ಅಂತ ಕಣ್ಣಾರೆ ನೋಡಬೇಕು. ಬಿಳಿಯ ಬದಲು ಪಟ್ಟೆ ಇರುವ ಚೆಂಡೊಂದನ್ನು ತೆಗೆದುಕೊಂಡು, ಪಟ್ಟೆ ಅಡ್ಡಕ್ಕೆ ಮಲಗುವಂತೆ ಇಟ್ಟು, ಸರಿಯಾಗಿ ನಡುವಿಗೆ ಹೊಡೆದು ನೋಡಿ. ಶುರುವಿನಲ್ಲಿ ಪಟ್ಟೆ ಮಲಗಿದಂತೆಯೇ ಇರುತ್ತದೆ, ಚೆಂಡು ಜಾರುತ್ತಾ ಹೋಗುತ್ತದೆ. ಆಮೇಲೆ ಬಟ್ಟೆಯ ಉಜ್ಜುವಿಕೆಗೆ ಸಿಕ್ಕಿ ಪಟ್ಟೆ ಮುಂದಕ್ಕೆ ಮಗುಚತೊಡಗುತ್ತದೆ. ಜಾರುವುದು ಪೂರ್ತಿ ನಿಂತ ಕ್ಷಣದಿಂದ ಅದು ಸಹಜ ಉರುಳು. ಅಷ್ಟರಲ್ಲಿ ವೇಗ ಶುರುವಿನ 5/7ರಷ್ಟಕ್ಕೆ ಇಳಿದಿರುತ್ತದೆ. ಮೆಲ್ಲಗೆ ಹೊಡೆದರೆ ಈ ಹಂತ ಬೇಗ ಬರುತ್ತದೆ, ಜೋರಾಗಿ ಹೊಡೆದರೆ ತಡ. ಮೊದಲಿಂದಲೇ ಉರುಳಬೇಕು ಅಂದರೆ ಟೇಬಲ್ ಬಟ್ಟೆಯಿಂದ ಚೆಂಡಿನ ಎತ್ತರದ ಶೇಕಡಾ 70ರಷ್ಟು ಮೇಲೆ ಕೋಲಿನ ತುದಿ (ಟಿಪ್) ತಾಗಬೇಕು. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ಹಾಗಾಗಿ ನಡುವಿನಿಂದ 11 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಮೇಲೆ. ನಾನು ಅಷ್ಟು ಮೇಲಕ್ಕೆ ಹೋಗುವುದಿಲ್ಲ. ನಡುವಿಗಿಂತ ಚೂರು ಮೇಲೆ, ಮೆಲ್ಲಗೆ. ಉಳಿದದ್ದನ್ನು ಬಟ್ಟೆ ಮಾಡುತ್ತದೆ.

ಆಮೇಲೆ ಒಂದೇ ಒಂದು ಶಾಟ್ ಹಿಡಿದೆ. ಹಾಫ್ ಬಾಲ್. ಬಿಳಿಯ ನಡುಭಾಗವನ್ನು ಎದುರಿನ ಚೆಂಡಿನ ಅಂಚಿಗೆ ಗುರಿಯಿಟ್ಟು ಹೊಡೆಯುವುದು, ಅಂದರೆ ಹೊಡೆಯುವ ಕಡೆಯಿಂದ ನೋಡಿದರೆ ತಾಗುವಾಗ ಬಿಳಿ ಎದುರಿನ ಚೆಂಡಿನ ಅರ್ಧ ಮುಚ್ಚಬೇಕು. ಎರಡೂ ಚೆಂಡು ಇರುವ ಜಾಗಕ್ಕೆ ಕಾಗದದ ಸಣ್ಣ ಉಂಗುರ ಅಂಟಿಸಿದರೆ ಪ್ರತಿ ಸಲ ಅದೇ ಶಾಟ್ ಸಿಗುತ್ತದೆ. ಈ ಹೊಡೆತಕ್ಕೆ ಎದುರಿನ ಚೆಂಡು ಒಂದು ಪಕ್ಕಕ್ಕೆ 30 ಡಿಗ್ರಿ ಹೋಗುತ್ತದೆ. ಬಿಳಿ ಇನ್ನೊಂದು ಪಕ್ಕಕ್ಕೆ ಸುಮಾರು 34 ಡಿಗ್ರಿ ತಿರುಗುತ್ತದೆ. ನಾನು ಬೆರಗಾದದ್ದು ಇದಾದ ಮೇಲೆ. ಹೊಡೆತವನ್ನು ದಪ್ಪ ಮಾಡಿ ಮುಕ್ಕಾಲು ಚೆಂಡು ತಾಗಿಸಿದೆ, ತೆಳ್ಳಗೆ ಮಾಡಿ ಕಾಲು ಚೆಂಡು ತಾಗಿಸಿದೆ. ಎದುರಿನ ಚೆಂಡಿನ ದಾರಿ ಪೂರ್ತಿ ಬದಲಾಯಿತು. ಬಿಳಿಯ ದಾರಿ ಮಾತ್ರ 27, 28 ಡಿಗ್ರಿ ಆಸುಪಾಸಿನಲ್ಲೇ ಉಳಿಯಿತು! ಆಟದಲ್ಲಿ ಬರುವ ಅರ್ಧಕ್ಕಿಂತ ಜಾಸ್ತಿ ಶಾಟ್‌ಗಳು ಈ ಕಾಲು–ಮುಕ್ಕಾಲಿನ ನಡುವೆಯೇ ಬೀಳುತ್ತವೆ ಅಂತ ನನ್ನ ಅಂದಾಜು. ಅಂದರೆ ಬಿಳಿಯ ದಾರಿಯ ಬಗ್ಗೆ ನೆನಪಿಡಬೇಕಾದ ಕೋನ ಒಂದೇ, ಸುಮಾರು 30 ಡಿಗ್ರಿ. ತೋರುಬೆರಳು ಮತ್ತು ನಡುಬೆರಳನ್ನು ಹಾಯಾಗಿ ಅಗಲಿಸಿದರೆ ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ. ಒಂದು ಬೆರಳನ್ನು ಹೊಡೆಯುವ ದಿಕ್ಕಿಗೆ ಹಿಡಿದರೆ ಇನ್ನೊಂದು ಬಿಳಿಯ ದಾರಿ ತೋರಿಸುತ್ತದೆ. ಈಗಲೂ ಅನುಮಾನ ಬಂದರೆ ಟೇಬಲ್ ಮೇಲೆ ಕೈ ಚಾಚಿ ನೋಡುತ್ತೇನೆ. ನೋಡುವವರು ನಗಲಿ ಬಿಡಿ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ತಾಗಿದ ಕ್ಷಣದಲ್ಲಿ ಬಿಳಿ ಹೊರಡುವುದು ಈ 30 ಡಿಗ್ರಿ ಗೆರೆಯಲ್ಲಲ್ಲ. ಯಾವ ಹೊಡೆತವಾದರೂ ಅದು ಮೊದಲು ಎದುರಿನ ಚೆಂಡಿನ ದಾರಿಗೆ 90 ಡಿಗ್ರಿಯಲ್ಲೇ ಹೊರಡುತ್ತದೆ. ಉರುಳಿನ ಮುಂದಿನ ತಿರುಗು ಅದರಲ್ಲಿ ಇನ್ನೂ ಉಳಿದಿರುವುದರಿಂದ ಬಾಗಿ ಮುಂದಕ್ಕೆ ಬರುತ್ತದೆ, ಆಮೇಲೆ ನೇರವಾಗುತ್ತದೆ. ಈ ಬಾಗಿದ ದಾರಿ ಪ್ಯಾರಾಬೋಲಾ ಅಂತ ಫ್ರೆಂಚ್ ವಿಜ್ಞಾನಿ ಕೊರಿಯೋಲಿಸ್ 1835ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಆಡುವವರಿಗೆ ಮುಖ್ಯವಾದದ್ದು ವೇಗ. ಮೆಲ್ಲಗಿನ ಹೊಡೆತದಲ್ಲಿ ಬಾಗು ಕಾಣಿಸುವುದೇ ಇಲ್ಲ. ಜೋರಿನ ಹೊಡೆತದಲ್ಲಿ ಬಿಳಿ ಅಡ್ಡಕ್ಕೆ ಸಾಕಷ್ಟು ದೂರ ಹೋಗಿ ಆಮೇಲೆ ಬಾಗುತ್ತದೆ. ಕೊನೆಯ ಕೋನ ಅದೇ, ಆದರೆ ಇಡೀ ಗೆರೆ ಪಕ್ಕಕ್ಕೆ ಸರಿದಿರುತ್ತದೆ. ಚೆಂಡುಗಳ ನಡುವಿನ ಸಂದಿಯಲ್ಲಿ ಬಿಳಿಯನ್ನು ತೂರಿಸಬೇಕಾದಾಗ ಈ ಸರಿತವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ದಿಕ್ಕು ಸಿಕ್ಕಿತು, ದೂರ ಬೇಕಲ್ವಾ? ಉರುಳುವ ಬಿಳಿ ನೇರವಾಗಿ ಪೂರ್ತಿ ತಾಗಿದರೆ, ಎದುರಿನ ಚೆಂಡು ಆರು ಅಡಿ ಹೋಗುವಷ್ಟರಲ್ಲಿ ಬಿಳಿ ಹೆಚ್ಚುಕಡಿಮೆ ಒಂದು ಅಡಿ ಹೋಗುತ್ತದೆ. ಮುಕ್ಕಾಲು ಚೆಂಡಿಗೆ ಎದುರಿನದು ಬಿಳಿಗಿಂತ ಮೂರು ಪಟ್ಟಿಗೂ ಜಾಸ್ತಿ. ಹಾಫ್ ಬಾಲ್‌ಗೆ ಎರಡೂ ಹತ್ತಿರ ಹತ್ತಿರ ಸಮ. ಕಾಲು ಚೆಂಡಿಗೆ ಬಿಳಿಯೇ ಎರಡೂವರೆ ಪಟ್ಟಿಗಿಂತ ಜಾಸ್ತಿ ಓಡುತ್ತದೆ. ಈ ಅನುಪಾತ ತಲೆಯಲ್ಲಿ ಕೂತ ಮೇಲೆ ನಾನು ಬಿಳಿಯ ವೇಗವನ್ನು ಬೇರೆಯಾಗಿ ಊಹಿಸುವುದನ್ನೇ ಬಿಟ್ಟೆ. ಪಾಕೆಟ್ ಇಲ್ಲದಿದ್ದರೆ ಎದುರಿನ ಚೆಂಡು ಎಷ್ಟು ದೂರ ಹೋಗಬೇಕಿತ್ತು ಅಂತ ಯೋಚಿಸಿ ಹೊಡೆಯುತ್ತೇನೆ.

ಮುಂದಿನ ಚೆಂಡಿಗೆ ನೇರ ಪೊಸಿಷನ್ ಯಾಕೆ ಕೇಳಬಾರದು ಅನ್ನೋದೂ ಇದರಿಂದಲೇ ಗೊತ್ತಾಯಿತು. ನೇರ ಸಿಕ್ಕರೆ ಪಾಟ್ ಸುಲಭ, ನಿಜ. ಆದರೆ ಉರುಳಿನಲ್ಲಿ ಬಿಳಿ ನೇರ ಮುಂದಕ್ಕೆ ಸ್ವಲ್ಪ ಹೋಗುತ್ತದೆ ಅಷ್ಟೇ, ಪಕ್ಕಕ್ಕೆ ಹೋಗುವುದಿಲ್ಲ. ಸ್ವಲ್ಪ ಕೋನ ಇದ್ದರೆ ಅದೇ ಮೆಲ್ಲಗಿನ ಹೊಡೆತದಲ್ಲಿ ಕುಶನ್ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ಮುಟ್ಟಿ ಟೇಬಲ್ ನಡುವಿಗೆ ಬರುತ್ತದೆ. ಕೋನ ಯಾವ ಪಕ್ಕದ್ದು ಅನ್ನೋದು ಕೋನದಷ್ಟೇ ಮುಖ್ಯ. ತಪ್ಪು ಪಕ್ಕದಲ್ಲಿ ನಿಂತರೆ ಉರುಳು ನಿಮ್ಮನ್ನು ಬೇಕಾದ ಕಡೆಯಿಂದ ದೂರಕ್ಕೇ ಒಯ್ಯುತ್ತದೆ. ಇನ್ನೊಂದು, ಮುಂದಿನ ಚೆಂಡನ್ನು ಪಾಟ್ ಮಾಡಬಹುದಾದ ಜಾಗ ಚೆಂಡಿನಿಂದ ಹೊರಗೆ ಬೀಸಣಿಗೆಯಂತೆ ಅಗಲವಾಗುತ್ತಾ ಹೋಗುತ್ತದೆ. ಅದನ್ನು ಅಡ್ಡ ದಾಟುವ ದಾರಿಗಿಂತ ಅದರ ಉದ್ದಕ್ಕೆ ಸಾಗುವ ದಾರಿಯನ್ನೇ ಆರಿಸುತ್ತೇನೆ. ವೇಗ ಅರ್ಧ ಅಡಿ ಹೆಚ್ಚುಕಡಿಮೆ ಆದರೂ ಶಾಟ್ ಉಳಿದಿರುತ್ತದೆ.

ಉರುಳು ಸಾಲದ ಕಡೆಗಳೂ ಇವೆ. ನೇರಕ್ಕೆ ಹತ್ತಿರದ ದಪ್ಪ ಹೊಡೆತದಲ್ಲಿ 30 ಡಿಗ್ರಿ ನಡೆಯುವುದಿಲ್ಲ. ಅಲ್ಲಿ ಬಿಳಿ ತಿರುಗುವುದು ಕಟ್ ಕೋನದ, ಅಂದರೆ ಎದುರಿನ ಚೆಂಡು ಹೊಡೆದ ದಿಕ್ಕಿನಿಂದ ಸರಿಯುವ ಕೋನದ, ಸುಮಾರು ಎರಡೂವರೆ ಪಟ್ಟು. ತುಂಬಾ ತೆಳುವಾದ ಕಟ್‌ನಲ್ಲಿ ಬಿಳಿ ತನ್ನ ದಾರಿ ಬಿಟ್ಟು ಹೆಚ್ಚು ಅಲ್ಲಾಡುವುದೇ ಇಲ್ಲ. ಎರಡು ಚೆಂಡು ತೀರಾ ಹತ್ತಿರ ಇದ್ದರೆ ಉರುಳಲು ಸಮಯವೇ ಸಿಗುವುದಿಲ್ಲ, ಮೇಲೆ ಹೊಡೆಯಲೇಬೇಕು. ಹೊಸ ಬಟ್ಟೆಯ ಮೇಲೂ ಜಾರುವ ದೂರ ಜಾಸ್ತಿ.

ಉರುಳಿನ ಗೆರೆ ನೇರ ಪಾಕೆಟ್‌ಗೇ ಹೋಗುತ್ತಿದ್ದರೆ? ಹಾಫ್ ಬಾಲ್ ಶಾಟ್‌ಗಳಲ್ಲಿ ಇದು ಆಗಾಗ ಆಗುತ್ತದೆ. ಅದಕ್ಕೇ ಹೊಡೆಯಲು ಬಗ್ಗುವ ಮುಂಚೆಯೇ ಆ ಗೆರೆಯನ್ನು ಕೊನೆಯವರೆಗೆ ಕಣ್ಣಲ್ಲಿ ಹಿಂಬಾಲಿಸುತ್ತೇನೆ. ಪಾಕೆಟ್ ಸಿಕ್ಕರೆ ನಡುವಿಗಿಂತ ಸ್ವಲ್ಪ ಕೆಳಗೆ ಹೊಡೆದು ಸ್ಟನ್ ಮಾಡುತ್ತೇನೆ, ಅಂದರೆ ಬಿಳಿ ಉರುಳದೆ ಜಾರುತ್ತಲೇ ಹೋಗಿ ತಾಗುವಂತೆ ಹೊಡೆಯುತ್ತೇನೆ. ತಾಗುವಾಗ ಬಿಳಿಗೆ ಯಾವ ತಿರುಗೂ ಇಲ್ಲದಿದ್ದರೆ ಅದು 90 ಡಿಗ್ರಿ ಗೆರೆಯಲ್ಲೇ ನೇರ ಹೋಗುತ್ತದೆ. ಪೂರ್ತಿ ಸ್ಟನ್‌ಗೂ ಪೂರ್ತಿ ಉರುಳಿಗೂ ನಡುವಿನ ಹೊಡೆತಕ್ಕೆ ಬಿಳಿ ಈ ಎರಡು ಗೆರೆಗಳ ಮಧ್ಯೆ ಎಲ್ಲಾದರೂ ಹೋಗುತ್ತದೆ. ಸೈಡ್ ಸ್ಪಿನ್ ನನ್ನ ಲೆಕ್ಕದಲ್ಲಿ ಬರುವುದು ಇದೆಲ್ಲ ಆದ ಮೇಲೆ, ಅದೂ ಕುಶನ್‌ನಿಂದ ಬರುವ ಕೋನ ಬದಲಾಗಬೇಕಿದ್ದರೆ ಮಾತ್ರ.